ಮೋರಿಟ್ಸನ ತಿಥಿ ಯಾವ ದಿನ

ಹೆಸ್ಟ್‌ವೋಗ್, 16 ಡಿಸೆಂಬರ್ 1958

ಡೋರಾ ಅವರಿಗೆ,

ನಿನ್ನೆ ಮತ್ತೆ ಅದೇ ಕನಸು. ಮೋರಿಟ್ಸ್ ನಮ್ಮೂರಿನ ಒಂದೊಂದೇ ಬಾಗಿಲು ತಟ್ಟುತ್ತಾ ಬರುತ್ತಾನೆ. ಕಾಲಲ್ಲಿ ಬೂಟಿಲ್ಲ. ಬಾಗಿಲು ತೆಗೆದವರನ್ನೆಲ್ಲ ಒಂದೇ ಮಾತು ಕೇಳುತ್ತಾನೆ, "ಇವತ್ತು ತಾರೀಖು ಎಷ್ಟು?" ಯಾರೂ ಹೇಳುವುದಿಲ್ಲ. ನಮ್ಮ ಮನೆಗೆ ಬಂದಾಗ ನನಗೆ ತಾರೀಖು ಗೊತ್ತಿರುತ್ತದೆ, ಆದರೆ ಮಾತು ಹೊರಡುವುದಿಲ್ಲ, ಬಾಯಿ ತುಂಬ ಬಲೆ ಹೆಣೆಯುವ ನೂಲು. ಅವನು ನಿಂತು ನೋಡಿ ಮುಂದಿನ ಮನೆಗೆ ಹೋಗುತ್ತಾನೆ. ಎಚ್ಚರವಾದ ಮೇಲೂ ನಾಲಿಗೆಯ ಮೇಲೆ ನೂಲಿನ ರುಚಿ ಇತ್ತು.

ನಿಮ್ಮ ತಮ್ಮನ ಹೆಂಡತಿ ನಾನು, ಸಿಗ್ನೆ. ಹೋದ ವರ್ಷ ಅವನು ತೀರಿಕೊಂಡಾಗ ಬರೆದಿದ್ದೆ, ನೀವು ಎರಡು ಸಾಲಿನ ಕಾರ್ಡು ಹಾಕಿದ್ದಿರಿ. ತಪ್ಪು ತಿಳಿಯಬೇಡಿ, ಎರಡು ಸಾಲಾದರೂ ಬಂತಲ್ಲ ಎಂದು ಎತ್ತಿಟ್ಟುಕೊಂಡಿದ್ದೇನೆ. ನನ್ನ ಬರವಣಿಗೆ ಸರಿಯಿಲ್ಲ. ನಮ್ಮಲ್ಲಿ ಶಾಲೆ ವಾರ ಬಿಟ್ಟು ವಾರ, ಅದೂ ನನಗೆ ಹನ್ನೆರಡಕ್ಕೇ ಮುಗಿಯಿತು.

ಹೋದ ವಾರ ನಾನು ನಿಮ್ಮ ಟ್ರಾಂಡ್‌ಹೈಮಿಗೆ ಬಂದಿದ್ದೆ. ಹನ್ನೊಂದನೇ ತಾರೀಖು ಅವನು ಹೋದ ದಿನ. ಹಡಗಿನಲ್ಲಿ ಎರಡು ದಿನ. ಇಳಿದವಳೇ ನಿಮ್ಮ ಯೆಹೂದಿಗಳ ಪ್ರಾರ್ಥನಾಮಂದಿರಕ್ಕೆ ಹೋದೆ, ಬೀಗ. ಎದುರು ಮನೆಯವರು ಶನಿವಾರ ಬೆಳಿಗ್ಗೆ ಬನ್ನಿ ಎಂದರು. ನಾವಿಕರ ವಸತಿಯಲ್ಲಿ ಉಳಿದು ಶನಿವಾರ ಹೋದೆ. ಹೆಂಗಸರು ಮೇಲೆ ಕೂರುತ್ತಾರೆ ಎಂದು ಅವನು ಹೇಳಿದ್ದು ನೆನಪಿತ್ತು, ಮೆಟ್ಟಿಲು ಹತ್ತಿ ಕಡೆಯ ಬೆಂಚಿನಲ್ಲಿ ಕೂತೆ. ಪಕ್ಕದ ಅಜ್ಜಿ ಕೈಗೆ ಸಕ್ಕರೆ ಗೋಲಿ ಕೊಟ್ಟು, "ಯಾರ ಮನೆಯವಳಮ್ಮ ನೀನು?" ಎಂದರು. "ನಾನು ನಿಮ್ಮವಳಲ್ಲ, ಚರ್ಚಿನವಳು" ಎಂದೆ. "ಇರ್ಲಿ ಬಿಡು, ಬೆಂಚು ಎಲ್ರಿಗೂ ಒಂದೇ ಥರ ಒತ್ತುತ್ತೆ" ಎಂದರು. ಪೂಜೆ ನಡೆಯುತ್ತಿದ್ದಾಗಲೇ ಎಲ್ಲರೂ ಮಾತಾಡುತ್ತಿದ್ದರು. ನಮ್ಮಲ್ಲಾದರೆ ಪಾದ್ರಿ ಕೆಮ್ಮುತ್ತಾರೆ ಎಂದಿದ್ದಕ್ಕೆ ಅಜ್ಜಿ, "ಕೆಳಗೆ ಗಂಡಸ್ರು ದೇವ್ರ ಹತ್ರ ಮಾತಾಡ್ತಾರೆ, ಮೇಲೆ ನಾವು ನಾವೇ ಮಾತಾಡ್ಕೋತೀವಿ. ಎರಡೂ ಕೆಲಸ ಆಗ್ಬೇಕಲ್ಲ" ಎಂದರು.

ಆಮೇಲೆ ಸತ್ತವರ ಹೆಸರು ಓದಿದರು. ನಾನು ಎದ್ದು ನಿಂತೆ. ಮೂರು ಹೆಸರು ಬಂದವು. ಮೋರಿಟ್ಸನ ಹೆಸರು ಬರಲಿಲ್ಲ. ಎಲ್ಲರೂ ಕೂತ ಮೇಲೂ ನಾನೊಬ್ಬಳೇ ನಿಂತಿದ್ದೆ, ಅಜ್ಜಿ ಕೋಟಿನ ಅಂಚು ಹಿಡಿದು ಕೂರಿಸಿದರು.

ಏಕೆ ಓದಲಿಲ್ಲ? ನನ್ನನ್ನು ಮದುವೆಯಾದ ಎಂದೇ? ನಮ್ಮ ಚರ್ಚಿನ ನೆಲದಲ್ಲಿ ಮಣ್ಣಾದ ಎಂದೇ? ಒಂಬತ್ತು ದಿನ ಬಿರುಗಾಳಿ, ಹಡಗಿರಲಿಲ್ಲ, ನಾನೇನು ಮಾಡಲಿ? ಅವನು ನನ್ನ ಹತ್ತಿರ ಒಂದೇ ಒಂದು ಮಾತು ತೆಗೆದುಕೊಂಡಿದ್ದ. "ಅಪ್ಪ ಅಮ್ಮ ಯಾವತ್ತು ಸತ್ರು ಅಂತ್ಲೇ ಗೊತ್ತಿಲ್ಲ ಸಿಗ್ನೆ. ನನಗಾದ್ರೂ ಒಂದು ದಿನ ಇರ್ಲಿ. ಸರಿಯಾದ ದಿನ." ಆಗಲಿ ಎಂದಿದ್ದೆ. ಈಗ ಅವನು ಬಾಗಿಲು ಬಾಗಿಲು ತಿರುಗುತ್ತಿದ್ದಾನೆ. ನಿಮ್ಮ ಟೋಪಿ ಅಂಗಡಿಯ ಮುಂದೂ ನಿಂತಿದ್ದೆ, ಒಳಗೆ ಬರಲು ಧೈರ್ಯ ಸಾಲಲಿಲ್ಲ.

ಸಿಗ್ನೆ

---

ಟ್ರಾಂಡ್‌ಹೈಮ್, 29 ಡಿಸೆಂಬರ್ 1958

ಶ್ರೀಮತಿ ಸಿಗ್ನೆ ಅವರಿಗೆ,

ನಿಮ್ಮ ಕಾಗದ ತಲುಪಿತು. ನನ್ನ ತಮ್ಮನ ತಿಥಿ ನಡೆದಿದೆ. ನೀವು ಬರುವ ಹೊತ್ತಿಗೆ ಮುಗಿದು ಹನ್ನೆರಡು ದಿನವಾಗಿತ್ತು.

ನಮ್ಮ ಲೆಕ್ಕ ನಿಮ್ಮ ಕ್ಯಾಲೆಂಡರಿನದಲ್ಲ, ಚಂದ್ರನದು. ಮೋರಿಟ್ಸ್ ಹೋದದ್ದು ಕಿಸ್ಲೇವ್ ಮಾಸದಲ್ಲಿ. ಆ ದಿನ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬೀಳುತ್ತದೆ, ಈ ಸಲ ನವೆಂಬರ್ ಕೊನೆಗೆ ಬಂತು. ಇಷ್ಟು ವರ್ಷ ಅವನ ಜೊತೆ ಸಂಸಾರ ಮಾಡಿದವರಿಗೆ ಇದು ತಿಳಿದಿರಬಹುದು ಎಂದುಕೊಂಡಿದ್ದೆ.

ದಿನ ಗೊತ್ತುಮಾಡಿದ್ದು ನಿಮ್ಮ ಕಾಗದದಿಂದಲೇ. "ಮಧ್ಯಾಹ್ನ ಮೂರು ಗಂಟೆಗೆ, ಕತ್ತಲಲ್ಲಿ, ನನ್ನ ಕೈ ಹಿಡಿದುಕೊಂಡೇ ಹೋದ" ಎಂದು ಬರೆದಿದ್ದಿರಿ. ನಮಗೆ ದಿನ ಹುಟ್ಟುವುದು ಬೆಳಿಗ್ಗೆ ಅಲ್ಲ, ಸೂರ್ಯ ಮುಳುಗಿದಾಗ. ನಮ್ಮ ಹಿರಿಯರಾದ ಲೈಬ್ ಅವರು ಪೂಜೆ ನಡೆಸುವವರು, ಅವರು ಕೇಳಿದರು, "ಮುಳುಗೋಕೆ ಮುಂಚೇನೋ ಆಮೇಲೋ?" ನಿಮ್ಮಲ್ಲಿ ಆ ತಿಂಗಳು ಸೂರ್ಯ ಹುಟ್ಟುವುದೇ ಇಲ್ಲವಂತೆ. ಹುಟ್ಟದವನು ಮುಳುಗುವುದು ಹೇಗೆ? ಕೊನೆಗೆ ಲೈಬ್ ನಮ್ಮ ಊರಿನ ಹೊತ್ತೇ ಹಿಡಿಯೋಣ ಎಂದರು. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗ ನೋಡಿದೆ, ಹನ್ನೊಂದರಂದು ಇಲ್ಲಿ ಸೂರ್ಯ ಮುಳುಗುವುದು ಎರಡು ಗಂಟೆ ಮೂವತ್ನಾಲ್ಕು ನಿಮಿಷಕ್ಕೆ. ಮೂರು ಎಂದರೆ ಅದಾದ ಮೇಲೆ. ಹಾಗಾಗಿ ಕಿಸ್ಲೇವ್ ಹದಿನೆಂಟು ಹೋಗಿ ಹತ್ತೊಂಬತ್ತು ಆಯಿತು. ನವೆಂಬರ್ ಮೂವತ್ತು, ಭಾನುವಾರ ಸಂಜೆ ಹಿಡಿದೆವು.

ಹತ್ತು ಗಂಡಸರು ಸೇರದೆ ಸತ್ತವರ ಪ್ರಾರ್ಥನೆ ಹೇಳುವಂತಿಲ್ಲ. ನಲವತ್ತೆರಡರಲ್ಲಿ ನಮ್ಮವರನ್ನು ಹಿಡಿದು ಒಯ್ಯುವ ಮೊದಲು ಈ ಊರಿನಲ್ಲಿ ಹತ್ತು ಜನ ಒಂದೇ ಬೀದಿಯಲ್ಲಿ ಸಿಗುತ್ತಿದ್ದರು. ಈಗ ಶನಿವಾರ ಹೇಗೋ ಸೇರುತ್ತಾರೆ, ಬೇರೆ ದಿನಕ್ಕೆ ಒಬ್ಬೊಬ್ಬರ ಮನೆಗೂ ಹೋಗಿ ಕರೆಯಬೇಕು. ನಾನೇ ಹೋದೆ. ಒಬ್ಬರು ಜ್ವರದ ಹಾಸಿಗೆಯಿಂದ ಎದ್ದು, ಪಜಾಮದ ಮೇಲೆ ಕೋಟು ಹಾಕಿಕೊಂಡು ಬಂದರು. ನನ್ನ ತಮ್ಮನಿಗೆ ಮಾಡಬೇಕಾದದ್ದನ್ನು ಮಾಡಿದ್ದೇನೆ.

ಬರುವುದಾಗಿ ಒಂದು ಸಾಲು ಬರೆದಿದ್ದರೆ ನಿಮಗೂ ತಿಳಿಸುತ್ತಿದ್ದೆ.

ಡೋರಾ

---

ಹೆಸ್ಟ್‌ವೋಗ್, 11 ಜನವರಿ 1959

ಡೋರಾ ಅವರಿಗೆ,

ನಿಮ್ಮ ಕಾಗದವನ್ನು ಅಂಚೆ ಬರುವ ಅಂಗಡಿಯ ಮುಂದೆ ನಿಂತೇ ಓದಿದೆ. ಹತ್ತು ಜನ ಬಂದರು ಎನ್ನುವಲ್ಲಿಗೆ ಬಂದಾಗ ಅತ್ತೆ. ಪಜಾಮದವರ ಹೆಸರೇನು? ಅವರ ಜ್ವರ ಇಳಿಯಿತೇ? ನನ್ನಿಂದಾಗಿ ಅವರಿಗೆ ಏನಾದರೂ ಆದರೆ ಎಂದು ಎರಡು ದಿನ ಊಟ ಸೇರಲಿಲ್ಲ. ಅವರಿಗೆಂದು ಒಣಮೀನು ಕಳಿಸಲೇ? ನಿಮ್ಮವರು ತಿನ್ನಬಹುದಾದ ಮೀನೇ ಅದು, ಮೋರಿಟ್ಸ್ ತಿನ್ನುತ್ತಿದ್ದ.

ಚಂದ್ರನ ಲೆಕ್ಕ ನನಗೆ ಗೊತ್ತಿರಲಿಲ್ಲ. ಅವನು ಪ್ರತಿ ವರ್ಷ ಒಂದು ದಿನ ಕಿಟಕಿಯಲ್ಲಿ ಅಮ್ಮನಿಗೆಂದು ದೀಪ ಇಡುತ್ತಿದ್ದ, ಬೇರೆ ಬೇರೆ ತಾರೀಖು ಇರುತ್ತಿತ್ತು. ನೆನಪಾದಾಗ ಇಡುತ್ತಾನೆ ಎಂದುಕೊಂಡಿದ್ದೆ. ಕೇಳಬೇಕಿತ್ತು. ಕೇಳಲಿಲ್ಲ.

ಒಂದು ಮಾತು. ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಒಂದು ವೇಳೆ ಮೂರು ಗಂಟೆಯಲ್ಲ, ಸ್ವಲ್ಪ ಮುಂಚೆ ಆಗಿದ್ದರೆ? ಎರಡೂಕಾಲು ಅನ್ನಿ. ಆಗ ಆ ಹತ್ತು ಜನ ಹೇಳಿದ್ದು ಅವನಿಗೆ ಸೇರುವುದಿಲ್ಲವೇ? ದಾರಿಯಲ್ಲಿ ಎಲ್ಲೋ ಉಳಿದುಬಿಡುತ್ತದೆಯೇ? ಕನಸು ನಿಂತಿಲ್ಲ, ಅದಕ್ಕೇ ಕೇಳಿದೆ. ನಮ್ಮ ಗೋಡೆ ಗಡಿಯಾರ ಒಂದೊಂದು ಸಲ ಮುಂದೆ ಓಡುತ್ತದೆ.

ಸಿಗ್ನೆ

---

ಟ್ರಾಂಡ್‌ಹೈಮ್, 24 ಜನವರಿ 1959

ಸಿಗ್ನೆ ಅವರಿಗೆ,

ಜ್ವರದವರು ಚೆನ್ನಾಗಿದ್ದಾರೆ, ಎಲ್ಲರನ್ನೂ ಬೈದುಕೊಂಡು ಓಡಾಡುತ್ತಿದ್ದಾರೆ. ಮೀನು ಬೇಡ.

ನಿಮ್ಮ ಗಡಿಯಾರದ ಮಾತು ನನಗೆ ಹಿಡಿಸಲಿಲ್ಲ. ಲೈಬ್ ಅವರಿಗೆ ಕಾಗದ ತೋರಿಸಿದೆ. ಅವರು ಎರಡು ಸಲ ಓದಿ, "ಈ ಹೆಂಗಸು ಗಡಿಯಾರದ ಮೇಲೆ ಹಾಕ್ತಿದಾಳೆ. ಕೈ ಹಿಡ್ಕೊಂಡಿದ್ದೋಳಿಗೆ ಹೊತ್ತು ಗೊತ್ತಿರುತ್ತೆ, ಕೇಳು" ಎಂದರು. ಕೇಳುತ್ತಿದ್ದೇನೆ.

ಇದು ಏಕೆ ಮುಖ್ಯ ಎನ್ನುವುದನ್ನೂ ಬರೆಯುತ್ತೇನೆ. ಯುದ್ಧ ಮುಗಿದು ನಾವಿಬ್ಬರು ತಲೆಮರೆಸಿಕೊಂಡಿದ್ದ ಸ್ವೀಡನ್ನಿನಿಂದ ವಾಪಸು ಬಂದಾಗ ಅಪ್ಪ ಅಮ್ಮನದೂ ಇಬ್ಬರು ಅಣ್ಣಂದಿರದೂ ದಿನ ಹೇಳುವವರು ಯಾರೂ ಉಳಿದಿರಲಿಲ್ಲ. ಜರ್ಮನ್ನರು ಅವರನ್ನು ಹಡಗು ಹತ್ತಿಸಿದ ದಿನ ಗೊತ್ತು, ಅಷ್ಟೆ. ದಿನವಿಲ್ಲದವರಿಗೆ ಒಂದು ದಿನ ಆರಿಸಿಕೊಡುವುದು ನಮ್ಮಲ್ಲಿ ಉಂಟು. ಲೈಬ್ ಆರಿಸಿಕೊಟ್ಟರು. ನಾನು ಒಪ್ಪಿಕೊಂಡೆ. ಮೋರಿಟ್ಸ್ ಎದ್ದು ನಿಂತು, "ಅಮ್ಮ ಸತ್ತಿದ್ದು ಅವತ್ತಲ್ಲ" ಎಂದ, ಹೊರಗೆ ಹೋದ. ಆ ಬೇಸಿಗೆಯಲ್ಲೇ ಉತ್ತರಕ್ಕೆ ಹೊರಟುಬಿಟ್ಟ. ಉಳಿದದ್ದು ನಿಮಗೆ ಗೊತ್ತು.

ಹೀಗಾಗಿ ನನ್ನ ಮನೆಯಲ್ಲಿ ನಿಜವಾದ ದಿನ ಇರುವ ಸತ್ತವನು ಅವನೊಬ್ಬನೇ. ಸುತ್ತುಬಳಸಿ ಬರೆಯಬೇಡಿ.

ಡೋರಾ

---

ಹೆಸ್ಟ್‌ವೋಗ್, 8 ಫೆಬ್ರವರಿ 1959

ಡೋರಾ ಅವರಿಗೆ,

ನಾನು ಅಲ್ಲಿರಲಿಲ್ಲ.

ಈ ಒಂದು ಸಾಲು ಬರೆದು ಮೂರು ದಿನ ಕಾಗದ ಹಾಗೇ ಇಟ್ಟಿದ್ದೆ. ಈಗ ಉಳಿದದ್ದು ಬರೆಯುತ್ತೇನೆ.

ಅವತ್ತು ಬೆಳಿಗ್ಗೆಯಿಂದ ಅವನಿಗೆ ಎದೆ ಭಾರ. ಹನ್ನೆರಡಕ್ಕೆ ನಾನು ಬಲೆಮನೆಗೆ ಹೊರಟೆ. ಜನವರಿಗೆ ದೊಡ್ಡ ಮೀನು ಬರುವುದರೊಳಗೆ ಬಲೆ ರಿಪೇರಿಯಾಗಬೇಕು, ಊರಿನ ಹೆಂಗಸರೆಲ್ಲ ಅಲ್ಲೇ ಕೂರುತ್ತೇವೆ. ಅವನು, "ಇವತ್ತೊಂದಿನ ಇದ್ಬಿಡೇ" ಎಂದ. ಅವನು ಹಾಗೆ ಕೇಳುವವನೇ ಅಲ್ಲ. ನಾನು, "ಎರಡಕ್ಕೆ ಬಂದ್ಬಿಡ್ತೀನಿ, ನೀನೇನು ಮಗೂನಾ?" ಎಂದೆ. ಅವನು ನಕ್ಕ. ನಾನು ನಕ್ಕೆ.

ಎರಡಕ್ಕೆ ಏಳಬೇಕಿತ್ತು. ಪಕ್ಕದ ಮನೆ ಓದ್‌ವಾರನ ಹೆಂಡತಿ ಗುಡ್ರುನ್ ಕಾಫಿ ಸುರಿದು ಅವಳ ಮಾವನ ಹೊಸ ಹಲ್ಲುಸೆಟ್ಟು ಸಮುದ್ರಕ್ಕೆ ಬಿದ್ದ ಕಥೆ ಹೇಳುತ್ತಿದ್ದಳು. "ಮೀನು ಹಿಡಿಯೋಕ್ ಹೋದೋನು ಮೀನಿಗೇ ಹಲ್ಲು ಕೊಟ್ಟು ಬಂದ" ಎಂದಳು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಾನು ಎರಡನೇ ಲೋಟ ಕುಡಿದೆ. ಮೂರಕ್ಕೆ ಮನೆಗೆ ಬಂದಾಗ ಅವನು ಮೇಜಿನ ಮೇಲೆ ತೋಳಿಟ್ಟು, ತೋಳಿನ ಮೇಲೆ ತಲೆಯಿಟ್ಟಿದ್ದ. ರೇಡಿಯೋ ಯಾರಿಗೋ ಹಾಡುತ್ತಿತ್ತು. ಕೈ ಹಿಡಿದದ್ದು ನಿಜ, ಆಗ ಹಿಡಿದದ್ದು. ಬೆರಳು ತಣ್ಣಗಾಗುತ್ತಿದ್ದವು. ಹೃದಯ ಒಂದೇ ಸಲಕ್ಕೆ ನಿಂತಿದೆ, ನೋವು ತಿಂದಿಲ್ಲ ಎಂದರು ಡಾಕ್ಟರು. ಎಷ್ಟು ಹೊತ್ತಿಗೆ ಎಂದು ಕೇಳಿದರು, ಮೂರು ಎಂದುಬಿಟ್ಟೆ. ಮೂರು ಎಂದರೆ ನಾನು ಅಲ್ಲಿದ್ದೆ ಎಂದಾಯಿತಲ್ಲ. ಆಮೇಲೆ ಪಾದ್ರಿಗೆ, ಊರಿಗೆ, ನಿಮಗೆ ಅದನ್ನೇ ಹೇಳಿದೆ.

ಅವನು ಕೇಳಿದ್ದು ಒಂದು ದಿನ. ಆ ದಿನವನ್ನು ನನ್ನ ಮಾನ ಕಾಪಾಡಿಕೊಳ್ಳಲು ಕೆಡಿಸಿದೆ. ನೀವು ಹತ್ತು ಮನೆ ತಿರುಗಿದ್ದೂ ವ್ಯರ್ಥವಾಯಿತೋ ಏನೋ. ಇನ್ನು ನನಗೆ ಬರೆಯದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ. ಆದರೆ ಅವನನ್ನು ದಿನವಿಲ್ಲದವರ ಸಾಲಿಗೆ ಸೇರಿಸಬೇಡಿ. ಬೇಡಿಕೊಳ್ಳುತ್ತೇನೆ.

ಸಿಗ್ನೆ

---

ಟ್ರಾಂಡ್‌ಹೈಮ್, 20 ಫೆಬ್ರವರಿ 1959

ಸಿಗ್ನೆ,

ನಿನ್ನ ಕಾಗದ ಓದಿ ಅಂಗಡಿ ಬಾಗಿಲು ಹಾಕಿದೆ. ಬೈಯಬೇಕೆಂದು ಪೆನ್ನು ಹಿಡಿದೆ, ಎರಡು ಹಾಳೆ ಬೈದೆ, ಒಲೆಗೆ ಹಾಕಿದೆ. ಸುಳ್ಳು ಹೇಳಿದವಳು ನೀನೊಬ್ಬಳೇ ಆಗಿದ್ದರೆ ಕಳಿಸುತ್ತಿದ್ದೆ.

ಆ ಶನಿವಾರ ನಾನು ನಿನ್ನನ್ನು ನೋಡಿದೆ. ನಿನಗಿಂತ ಎರಡು ಬೆಂಚು ಮುಂದೆ ಕೂತಿದ್ದೆ. ತಲೆಗೆ ಬೂದು ಬಣ್ಣದ ಉಣ್ಣೆಯ ವಸ್ತ್ರ ಕಟ್ಟಿದ್ದೆ ನೀನು, ಅಂಚಿನಲ್ಲಿ ಒಂದು ಸಾಲು ಹೆಣಿಗೆ ತಪ್ಪಿದೆ. ಅದು ಅಮ್ಮ ಮೋರಿಟ್ಸನಿಗೆ ಹೆಣೆದದ್ದು. ಆ ತಪ್ಪು ನಾನು ಮಾಡಿದ್ದು, ಎಂಟು ವರ್ಷದವಳು, ಅಮ್ಮ ಒಂದು ಸಾಲು ಹಾಕಲು ಕೊಟ್ಟಿದ್ದಳು. ಹೆಸರು ಓದುವಾಗ ನೀನು ಎದ್ದೆ. ಏಕೆ ಎದ್ದೆ ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಬಂದು, "ಆಯ್ತಮ್ಮ, ಅವನದು ಆಗಿದೆ, ಕೂತ್ಕೋ" ಎನ್ನಬಹುದಿತ್ತು. ಪುಸ್ತಕದಲ್ಲಿ ಮುಖ ಇಟ್ಟುಕೊಂಡೆ. ಕಡೆಯ ಹಾಡಿಗೆ ಮುಂಚೆ ಹಿಂದಿನ ಮೆಟ್ಟಿಲಿಳಿದು ಹೋದೆ. ತಿಥಿಯ ದಿನ ಮೊದಲೇ ನಿನಗೆ ಬರೆಯಬಹುದಿತ್ತು, ಬರೆಯಲಿಲ್ಲ. ನೀನು ಬರುತ್ತೀಯೆಂದು ಹೆದರಿಕೆ.

ಅವನು ನಿನ್ನನ್ನು ಮದುವೆಯಾದಾಗ, "ನಿನಗೆ ಅಕ್ಕ ಇದ್ದಳೆಂದು ಮರೆತುಬಿಡು" ಎಂದು ಅವನಿಗೆ ಬರೆದಿದ್ದೆ. ಅವನು ಪ್ರತಿ ವರ್ಷ ಅಮ್ಮನ ದಿನ ಕಾಗದ ಹಾಕುತ್ತಿದ್ದ. ಒಪ್ಪದೆ ಎದ್ದು ಹೋದನಲ್ಲ, ಅದೇ ದಿನ. ಹನ್ನೊಂದು ಕಾಗದ ಇವೆ. ಒಂದಕ್ಕೂ ಉತ್ತರಿಸಲಿಲ್ಲ. ನೀನು ಒಂದು ಗಂಟೆ ತಡ ಮಾಡಿದೆ, ನಾನು ಹನ್ನೊಂದು ವರ್ಷ.

ಲೈಬ್ ಅವರಿಗೆ ಹೇಳಿದೆ. ಗಡ್ಡ ನೀವಿಕೊಂಡು, "ಗೊತ್ತೇ ಆಗದಿದ್ರೆ ಒಂದು ಆರಿಸ್ಕೊಡ್ತೀನಿ" ಎಂದರು. ನಾನು, "ನಮ್ಮ ಮನೇಗೆ ಇನ್ನೊಂದು ಸಲ ಆರಿಸ್ಬೇಡಿ ಲೈಬ್" ಎಂದೆ. ಆಮೇಲೆ ಅವರೇ ಕೇಳಿದರು, "ಮೇಜಿನ ಹತ್ರ ಕೂತು ಏನು ಮಾಡ್ತಿದ್ನಂತೆ?" ನನಗೂ ಅದೇ ಕೇಳಬೇಕೆನಿಸಿತು. ಬರುವ ಡಿಸೆಂಬರಿನಲ್ಲಿ ಕಿಸ್ಲೇವ್ ಹದಿನೆಂಟು ಶನಿವಾರವೇ ಬೀಳುತ್ತದೆ, ಹತ್ತು ಜನ ತಾವಾಗಿ ಬಂದಿರುತ್ತಾರೆ. ಹತ್ತೊಂಬತ್ತಾದರೆ ನಾನು ಮತ್ತೆ ಬಾಗಿಲು ತಟ್ಟಬೇಕು. ತಟ್ಟುತ್ತೇನೆ. ಯಾವುದೆಂದು ಗೊತ್ತಾದರೆ ಸಾಕು.

ಏನು ಮಾಡುತ್ತಿದ್ದ ಅವನು?

ಡೋರಾ

---

ಹೆಸ್ಟ್‌ವೋಗ್, 6 ಮಾರ್ಚ್ 1959

ಅತ್ತಿಗೆಯವರಿಗೆ,

ಹಾಗೆ ಕರೆಯಬಹುದೇ? ಬೇಡವೆಂದರೆ ಮುಂದಿನ ಕಾಗದದಲ್ಲಿ ಬದಲಿಸುತ್ತೇನೆ.

ಅವನು ಬರೆಯುತ್ತಿದ್ದ. ದಿನಾ ಎರಡೂವರೆಗೆ ರೇಡಿಯೋದಲ್ಲಿ ಸಮುದ್ರದ ಹವಾಮಾನ ಓದುತ್ತಾರೆ, ದಕ್ಷಿಣದ ದೀಪಸ್ತಂಭದಿಂದ ಶುರುಮಾಡಿ ಒಂದೊಂದೇ ಮೇಲಕ್ಕೆ. ಅಷ್ಟು ಬೇಗ ಬರೆದುಕೊಳ್ಳಲು ಈ ಊರಿನಲ್ಲಿ ಅವನಿಗೊಬ್ಬನಿಗೇ ಬರುತ್ತಿತ್ತು. ಚೀಟಿ ಬರೆದು ಅಂಗಡಿ ಬಾಗಿಲ ಮೊಳೆಗೆ ಸಿಕ್ಕಿಸುತ್ತಿದ್ದ, ದೋಣಿಯವರು ನೋಡಿಕೊಂಡು ಹೋಗುತ್ತಿದ್ದರು. ಅವತ್ತಿನ ಚೀಟಿ ಅವನ ತೋಳಿನ ಕೆಳಗಿತ್ತು. ತೆಗೆದು ಕೀರ್ತನೆ ಪುಸ್ತಕದೊಳಗೆ ಇಟ್ಟೆ. ಒಂದು ವರ್ಷ ಎರಡು ತಿಂಗಳಿಂದ ಅದನ್ನು ಓದಿಲ್ಲ. ಓದಿದರೆ ಹೊತ್ತು ಗೊತ್ತಾಗುತ್ತದೆ. ಎರಡಕ್ಕೆ ಮುಂಚೆಯಾದರೆ ನಾನು ಮಾತಿನಂತೆ ಬಂದಿದ್ದರೂ ಅವನು ಸಿಗುತ್ತಿರಲಿಲ್ಲ ಎಂದುಕೊಂಡು ಹೇಗೋ ಬದುಕಬಹುದು. ಎರಡಾದ ಮೇಲಾದರೆ ಏನು ಮಾಡಲಿ? ಅದಕ್ಕೇ ತೆಗೆದಿರಲಿಲ್ಲ.

ನಿಮ್ಮ ಕಾಗದ ಬಂದ ದಿನ ತೆಗೆದೆ.

ಏಳು ಸಾಲಿದೆ, ಸಾಲಿಗೊಂದು ದೀಪಸ್ತಂಭ. ಕಡೆಯದು "ಆಂಡೆನೆಸ್, ವಾಯುವ್ಯ". ಗಾಳಿಯ ಬಲ ಬರೆದಿಲ್ಲ. ಅಲ್ಲಿಂದ ಪೆನ್ಸಿಲ್ ಕೆಳಕ್ಕೆ ಜಾರಿ ಚೀಟಿಯಾಚೆ ಹೋಗಿದೆ. ಮೇಜಿನ ಹಲಗೆಯ ಮೇಲೂ ಅದೇ ಗೆರೆ ಇದೆ, ಅಷ್ಟು ದಿನದಿಂದ ಅದರ ಮೇಲೆ ಬಟ್ಟೆ ಹಾಸಿ ಊಟ ಮಾಡುತ್ತಿದ್ದೇನೆ.

ಅಂದರೆ ಎರಡಕ್ಕೆ ಅವನು ಇದ್ದ. ಎರಡೂವರೆಗೂ ಇದ್ದ. ನಾನು ಮಾತು ಉಳಿಸಿಕೊಂಡಿದ್ದರೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಇದನ್ನು ಯಾರೂ ನನ್ನಿಂದ ತೆಗೆಯಲಾರರು, ನೀವೂ ತೆಗೆಯಲು ಹೋಗಬೇಡಿ.

ಓದ್‌ವಾರನ ಹತ್ತಿರ ಹಡಗಿನವರ ಗಡಿಯಾರವಿದೆ, ತಪ್ಪುವುದಿಲ್ಲ. ಒಂಬತ್ತು ದಿನ ಎರಡೂವರೆಗೆ ಅವನನ್ನು ನಮ್ಮ ರೇಡಿಯೋದ ಮುಂದೆ ಕೂರಿಸಿದೆ. ಅವನಿಗೂ ಗುಡ್ರುನಳಿಗೂ ನಿಜ ಹೇಳಿದೆ. ಗುಡ್ರುನ್ ಅತ್ತಳು, ಹಲ್ಲಿನ ಕಥೆ ಇನ್ನು ಹೇಳುವುದಿಲ್ಲ ಎಂದಳು. ಮೂರನೇ ದಿನಕ್ಕೆ ಓದ್‌ವಾರ್, "ಹೆಂಡ್ತಿ ಸತ್ರೂ ನಾನು ಇಷ್ಟು ದಿನ ಗಡಿಯಾರ ಹಿಡ್ಕೊಂಡು ಕೂರ್ತಿರ್ಲಿಲ್ಲ" ಎಂದು ಗೊಣಗಿದ. "ಕೂರಲ್ಲ, ಮಲಗಿರ್ತೀಯ" ಎಂದಳು ಅವಳು. ಆದರೂ ಒಂಬತ್ತು ದಿನವೂ ಬಂದ.

ರೇಡಿಯೋದವನು ಆಂಡೆನೆಸ್ಸಿನ ದಿಕ್ಕು ಹೇಳಿ ಬಲ ಹೇಳುವ ಹೊತ್ತಿಗೆ ಎಂಟು ದಿನ ಎರಡು ಗಂಟೆ ಮೂವತ್ತಮೂರು ನಿಮಿಷ. ಒಂದು ದಿನ ಅವನಿಗೆ ನೆಗಡಿ, ಸೀನಿದ, ಅರ್ಧ ನಿಮಿಷ ತಡವಾಯಿತು. ಅವತ್ತಿನ ಓದುಗ ಇವನೇನೋ ಬೇರೆಯವನೋ ಗೊತ್ತಿಲ್ಲ. ಯಾರಾದರೂ ನಿಧಾನ, ಬರೆದುಕೊಳ್ಳುವವರಿಗಾಗಿ ಓದುವುದು.

ಮೂವತ್ತಮೂರು ಎಂದರೆ ನಿಮ್ಮ ಊರಿನಲ್ಲಿ ಸೂರ್ಯ ಇನ್ನೂ ಇದ್ದ. ಒಂದು ನಿಮಿಷ ಇದ್ದ. ಹಾಗಾದರೆ ಹದಿನೆಂಟೇ ಅವನ ದಿನ, ಲೈಬ್ ಅವರು ಆರಿಸಬೇಕಾಗಿಲ್ಲ, ನೀವು ಬಾಗಿಲು ತಟ್ಟಬೇಕಾಗಿಲ್ಲ. ಶನಿವಾರ ನಾನು ಬರುತ್ತೇನೆ. ಮುಂಚೆಯೇ ಬರೆದು ಬರುತ್ತೇನೆ. ನಿಮ್ಮ ಬೆಂಚಿನಲ್ಲಿ ಕೂರಿಸಿಕೊಳ್ಳುತ್ತೀರೋ ಹಿಂದೆ ಅಜ್ಜಿಯ ಹತ್ತಿರ ಕೂರಲೋ, ನೀವು ಹೇಳಿದಂತೆ. ಆ ವಸ್ತ್ರವನ್ನೂ ತರುತ್ತೇನೆ, ನಿಮ್ಮ ಸಾಲು ನಿಮ್ಮ ಹತ್ತಿರವೇ ಇರಲಿ.

ಹೀಗೆ ಬರೆದು ಮುಗಿಸಿ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಅಡುಗೆಮನೆ ಗೋಡೆಯ ಪಂಚಾಂಗ ನೋಡಿದೆ ಎಂದು ಬರೆದಿದ್ದಿರಿ. ಗೋಡೆಯ ಮೇಲೆ ಇದ್ದದ್ದು ಐವತ್ತೆಂಟರದ್ದು. ಅವನು ಹೋದದ್ದು ಐವತ್ತೇಳರಲ್ಲಿ. ಆ ವರ್ಷದ ಹನ್ನೊಂದನೇ ಡಿಸೆಂಬರಿಗೂ ಮೂವತ್ನಾಲ್ಕೇ ಇತ್ತೇ? ನಮಗಿರುವುದು ಒಂದೇ ನಿಮಿಷ. ಯಾರ ಮನೆಯಲ್ಲಾದರೂ ಐವತ್ತೇಳರ ಪಂಚಾಂಗ ಉಳಿದಿದ್ದರೆ ದಯವಿಟ್ಟು ಇನ್ನೊಂದು ಸಲ ನೋಡಿ ಬರೆಯಿರಿ.

ಸಿಗ್ನೆ